ಎಂಜಿಬಿನಾ ಟ್ರಯಂಫ್ ಟಿಆರ್6ಆ? ಇಟ್ಕೊಳ್ಳೋಕೆ ಯಾವುದು ಸರಿ?

ಕವೆಂಟ್ರಿ ಕಿಟ್ಟಿ

ಎಲ್ರಿಗೂ ನಮಸ್ಕಾರ. ನಾನಿರೋದು ಕವೆಂಟ್ರಿ ಪಕ್ಕದಲ್ಲಿ, ಮಕ್ಕಳಿಬ್ರೂ ಕಾಲೇಜು ಅಂತ ಮನೆ ಬಿಟ್ಟಾಯ್ತು, ಗ್ಯಾರೇಜಲ್ಲಿ ಜಾಗ ಆಗಿದೆ, ಮನೆಯವ್ರೂ "ಒಂದೇ ಒಂದು ತಗೋ, ಎರಡನೇದು ಅಂತ ಬಾಯಿ ಬಿಡ್ಬೇಡ" ಅಂತ ಒಪ್ಕೊಂಡಿದಾರೆ. ಹಂಗಾಗಿ ಒಂದು ಹಳೇ ಬ್ರಿಟಿಷ್ ಟೂ ಸೀಟರ್ ತಗೊಳ್ಳೋ ಆಸೆ. ಓಡ್ಸೋದು ಭಾನುವಾರ ಮಾತ್ರ, ಆದ್ರೆ ಒಂದಷ್ಟು ವರ್ಷ ಇಟ್ಕೊಂಡ್ರೆ ಬೆಲೆ ಕಳ್ಕೋಬಾರ್ದು, ರಿಟೈರ್ ಆದ್ಮೇಲೆ ಮೈಸೂರಿಗೆ ತಗೊಂಡು ಹೋಗೋ ಯೋಚನೆನೂ ಇದೆ.

ಈಗ ಎರಡು ಗಾಡಿ ಕಣ್ಣಿಗೆ ಬಿದ್ದಿವೆ. ಒಂದು ಎಂಜಿಬಿ ರೋಡ್‌ಸ್ಟರ್, ಕ್ರೋಮ್ ಬಂಪರ್, ವೈರ್ ವೀಲ್, ಓವರ್‌ಡ್ರೈವ್ (ಸ್ಪೀಡಲ್ಲಿ ಇಂಜಿನ್ ನಿಧಾನ ತಿರುಗೋಕೆ ಇರೋ ಹೆಚ್ಚುವರಿ ಗೇರ್) ಇದೆ, ಹೆರಿಟೇಜ್ ಬಾಡಿ ಶೆಲ್ (ಹೊಸದಾಗಿ ಒತ್ತಿದ ಇಡೀ ಬಾಡಿ) ಹಾಕಿ ಪೂರ್ತಿ ಮಾಡ್ಸಿದಾರೆ, ಮಿರಮಿರ ಅಂತಿದೆ. ಇನ್ನೊಂದು 1972ರ ಟಿಆರ್6, ಇಂಜೆಕ್ಷನ್ ಗಾಡಿ (ಕಾರ್ಬೊರೇಟರ್ ಬದಲು ಪೆಟ್ರೋಲ್ ಚಿಮ್ಮಿಸೋದು), ಒಬ್ರೇ ಓನರ್ ಹತ್ರ ಬಹಳ ಕಾಲದಿಂದ ಇದೆ, ಪೇಂಟ್ ಮಂಕಾಗಿದೆ, ಸೀಟ್ ಹರಿದಿದೆ, ಆದ್ರೆ ಬಿಲ್ಲು ರಸೀದಿ ಒಂದು ಡಬ್ಬಿ ತುಂಬಾ ಇಟ್ಟಿದಾರೆ. ಟಿಆರ್6ಗೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಕೇಳ್ತಿದಾರೆ. ಎರಡರ ಫೋಟೋನೂ ಹಾಕಿದೀನಿ. ಏನಂತೀರಾ?

ಹುಬ್ಬಳ್ಳಿ ಗೇರು

ಕಿಟ್ಟಿ ಅಣ್ಣಾ, ಕಣ್ಣು ಮುಚ್ಚಿ ಎಂಜಿಬಿ ತಗೋರಿ. ಯಾಕಂದ್ರ ಅದರ ಇಂಜಿನ್ನು ನಮ್ಮ ಅಂಬಾಸಿಡರ್ ಇಂಜಿನ್ನಿನ ಅಣ್ಣತಮ್ಮಂದು. ಎರಡೂ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್, ಅಂಬಾಸಿಡರಿಂದು 1489 ಸಿಸಿ, ಎಂಜಿಬಿದು 1798 ಸಿಸಿ ಅಷ್ಟ. ಪಾರ್ಟ್ ಹಂಗೇ ಎತ್ತಿ ಹಾಕಾಕ್ ಬರೂದಿಲ್ಲ ಖರೆ, ಆದ್ರ ಬಾನೆಟ್ ತೆಗದ್ರ ಎಲ್ಲಾ ಗುರ್ತಿನ ಮುಖಾನ ಕಾಣ್ತಾವು. ಪುಶ್‌ರಾಡು, ಟ್ಯಾಪೆಟ್ಟು, ಎಸ್‌ಯು ಕಾರ್ಬೊರೇಟರು, ಇವನ್ನ ನಮ್ಮ ಕಡೆ ಹಳೇ ಮಿಸ್ತ್ರಿಗಳು ನಿದ್ದಿಗಣ್ಣಾಗ ಬಿಚ್ಚಿ ಕೂಡಸ್ತಾರ. ಆ ಟಿಆರ್6ರ ಲೂಕಾಸ್ ಇಂಜೆಕ್ಷನ್ ಮೈಸೂರಿಗೆ ತಂದ್ರ ಯಾರ ಮುಟ್ತಾರ್ರಿ?

ಗ್ರೀಸ್ ಕೈ

ಹುಬ್ಬಳ್ಳಿಯವ್ರು ಹೇಳಿದ್ದು ಅರ್ಧ ನಿಜ. ಟ್ರಯಂಫ್ ಕೂಡ ನಮಗೇನು ಹೊರಗಿನದಲ್ಲ, ಮದ್ರಾಸಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂದ್ರೆ ಟ್ರಯಂಫ್ ಹೆರಾಲ್ಡೇ, ಅದರ ನಾಲ್ಕು ಸಿಲಿಂಡರ್ ಇಂಜಿನ್ ವಂಶದಿಂದ್ಲೇ ಆಮೇಲೆ ಆರು ಸಿಲಿಂಡರ್ ಬಂದಿದ್ದು, ಅದೇ ಬೆಳೆದು 2498 ಸಿಸಿ ಆಗಿ ಟಿಆರ್6ರಲ್ಲಿ ಕೂತಿದ್ದು. ಹಂಗಾಗಿ ಸಂಬಂಧ ನೋಡಿ ಗಾಡಿ ತಗೊಳ್ಳೋದಾದ್ರೆ ಎರಡೂ ಬೀಗರ ಮನೇನೇ.

ಇನ್ನು ಕಿಟ್ಟಿಯವ್ರ ಪ್ರಶ್ನೆ. ನಾನು ಬೆಂಗಳೂರಲ್ಲಿ ಇದೇ ಕೆಲಸ ಮಾಡ್ಕೊಂಡಿರೋನು, ಅದಕ್ಕೂ ಮುಂಚೆ ಇಂಗ್ಲೆಂಡಲ್ಲಿ ಒಂದು ವರ್ಕ್‌ಶಾಪಲ್ಲಿ ಇದ್ದೆ, ಎರಡೂ ಗಾಡಿ ಕೆಳಗೆ ಮಲಗಿದೀನಿ. ನನ್ನ ಮಾತು ಏನಂದ್ರೆ ಕಲೆಕ್ಟರ್ ಆಗಿ ನೋಡೋರು ದುಡ್ಡು ಕೊಟ್ರೂ ಮತ್ತೆ ಸಿಗದೇ ಇರೋದು ಗಾಡೀಲಿ ಏನಿದೆ ಅಂತ ಮೊದಲು ನೋಡ್ಬೇಕು. ಪೇಂಟು, ಸೀಟು, ಹುಡ್, ಕ್ರೋಮ್ ಇವೆಲ್ಲಾ ದುಡ್ಡು ಕೊಟ್ರೆ ನಾಳೆ ಬರುತ್ತೆ. ಎಂಜಿಬಿಗಂತೂ ಇಡೀ ಬಾಡಿ ಶೆಲ್ಲೇ ಹೊಸದಾಗಿ ಸಿಗುತ್ತೆ, 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್‌ನವ್ರು ಹಳೇ ಪ್ರೆಸ್ ಟೂಲ್ಸ್ ಹುಡುಕಿ ತಂದು ಮತ್ತೆ ಒತ್ತೋಕೆ ಶುರು ಮಾಡಿದ್ರು. ಸಿಗದೇ ಇರೋದು ಆ ಗಾಡಿ ಫ್ಯಾಕ್ಟರಿಯಿಂದ ಹೆಂಗೆ ಹೊರಗೆ ಬಂತು ಅನ್ನೋ ಗುರುತು. ಅದರ ಮೇಲೇ ಬೆಲೆ ನಿಲ್ಲೋದು.

ಎಂಜಿಬಿ 1962ರಿಂದ 1980ರವರೆಗೆ ಆಬಿಂಗ್ಡನ್‌ನಲ್ಲಿ ತಯಾರಾಯ್ತು, ಜಿಟಿ (ರೂಫ್ ಇರೋ ಮಾಡೆಲ್) ಸೇರಿ 5 ಲಕ್ಷಕ್ಕೂ ಮೇಲೆ. ಟಿಆರ್6 ನಿಮ್ಮ ಕವೆಂಟ್ರಿಲೇ, ಕ್ಯಾನ್ಲಿ ಫ್ಯಾಕ್ಟರಿಲಿ 1968ರ ಕೊನೆಯಿಂದ 1976ರವರೆಗೆ, ಒಟ್ಟು 90 ಸಾವಿರಕ್ಕಿಂತ ಸ್ವಲ್ಪ ಜಾಸ್ತಿ, ಅದರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಹಡಗು ಹತ್ತಿ ಹೊರದೇಶಕ್ಕೆ, ಮುಖ್ಯವಾಗಿ ಅಮೆರಿಕಕ್ಕೆ ಹೋಯ್ತು. ಅಮೆರಿಕಕ್ಕೆ ಹೋದದ್ದಕ್ಕೆ ಇಂಜೆಕ್ಷನ್ ಇಲ್ಲ, ಎರಡು ಸ್ಟ್ರಾಂಬರ್ಗ್ ಕಾರ್ಬೊರೇಟರ್ ಅಷ್ಟೇ. ಅಂದ್ರೆ ಬ್ರಿಟನ್ನಿಗೇ ಅಂತ ಮಾಡಿದ ಬಲಗಡೆ ಸ್ಟೀರಿಂಗ್ ಇಂಜೆಕ್ಷನ್ ಗಾಡಿ ನಿಜಕ್ಕೂ ಕಮ್ಮಿ ಇದೆ. ಕಿಟ್ಟಿ ಸಾರ್, ಟಿಆರ್6ರ ಕಮಿಷನ್ ನಂಬರ್ (ಟ್ರಯಂಫ್‌ನವ್ರ ಚಾಸಿ ನಂಬರ್) ಪ್ಲೇಟ್ ನೋಡಿ ಹೇಳಿ. ಸಿಪಿ ಅಂತ ಶುರು ಆದ್ರೆ 150 ಹಾರ್ಸ್‌ಪವರ್ ಇಂಜೆಕ್ಷನ್ ಗಾಡಿ, ಸಿಆರ್ ಅಂದ್ರೆ 1973ರಿಂದೀಚೆಗಿನ ಸೌಮ್ಯ ಕ್ಯಾಮ್ (ವಾಲ್ವ್ ತೆಗೆಯೋ ಶಾಫ್ಟ್) ಇರೋ ಇಂಜೆಕ್ಷನ್ನು, ಅದಕ್ಕೆ ಕಂಪನಿ ಹೇಳಿದ್ದು 125. ಸಿಸಿ ಅಥವಾ ಸಿಎಫ್ ಅಂತಿದ್ರೆ ಅಮೆರಿಕದಿಂದ ವಾಪಸ್ ಬಂದು ಸ್ಟೀರಿಂಗ್ ಬದಲಾಯಿಸ್ಕೊಂಡ ಗಾಡಿ.

ಎಂಜಿಬಿ ಬಗ್ಗೆ ಒಂದು ಡೌಟಿದೆ, ನಾಲ್ಕನೇ ಫೋಟೋದಲ್ಲಿ ಗೇರ್ ನಾಬ್ ಜೂಮ್ ಮಾಡಿ ನೋಡಿ. ಓವರ್‌ಡ್ರೈವ್ ಸ್ವಿಚ್ ನಾಬ್ ಮೇಲೇ ಇದೆ. ಕ್ರೋಮ್ ಬಂಪರ್ ಕಾಲದಲ್ಲಿ ಸ್ವಿಚ್ ಡ್ಯಾಶ್ ಮೇಲೋ ಸ್ಟೀರಿಂಗ್ ಪಕ್ಕದ ಕಡ್ಡಿ ಮೇಲೋ ಇರ್ತಿತ್ತು, ನಾಬ್ ಮೇಲೆ ಬಂದಿದ್ದು 1977ರ ಮಾಡೆಲ್ಲಿಂದ. ಗಾಡಿ ವರ್ಷ ಎಷ್ಟು ಅಂತ ಕೇಳಿದ್ರಾ?

ಕವೆಂಟ್ರಿ ಕಿಟ್ಟಿ

ಜಾಹೀರಾತಲ್ಲಿ ವರ್ಷ ಹಾಕಿಲ್ಲ ಸಾರ್, "ಕ್ಲಾಸಿಕ್ ಕ್ರೋಮ್ ಬಂಪರ್ ಎಂಜಿಬಿ" ಅಂತ ಮಾತ್ರ ಇದೆ. ಫೋನ್ ಮಾಡಿ ಕೇಳ್ತೀನಿ. ಟಿಆರ್6ರದ್ದು ಸಿಪಿ, ಅದನ್ನ ನಾನೇ ನೋಡಿದೀನಿ.

ಸ್ಯಾನ್‌ಹೋಸೆ ಸೀನ

ಅಮೆರಿಕದ ಗಾಡಿ ಅಂದ ತಕ್ಷಣ ಮೂಗು ಮುರೀಬೇಡಿ ಗುರುಗಳೇ. ನನ್ನ ಹತ್ರ 1974ರ ಟಿಆರ್6 ಇದೆ, ಹೌದು, 106 ಹಾರ್ಸ್‌ಪವರ್ರು ಅಷ್ಟೇ, ಹೌದು, ಬಂಪರ್ ಮೇಲೆ ದೊಡ್ಡ ರಬ್ಬರ್ ಗಡ್ಡೆ ಇದಾವೆ, ಆದ್ರೆ ಕ್ಯಾಲಿಫೋರ್ನಿಯಾದ ಒಣ ಹವೇಲಿ ಇದ್ದಿದ್ದಕ್ಕೆ ಚಾಸಿ ಕೆಳಗೆ ಫ್ಯಾಕ್ಟರಿ ಪೇಂಟ್ ಇನ್ನೂ ಕಾಣುತ್ತೆ. ಇಂಗ್ಲೆಂಡಲ್ಲಿ ಚಳಿಗಾಲಕ್ಕೆ ರೋಡಿಗೆಲ್ಲಾ ಉಪ್ಪು ಸುರೀತಾರೆ, ಅಲ್ಲಿ ಓಡಾಡಿದ ಸಿಪಿ ಗಾಡಿ ಚಾಸಿ ಹೆಂಗಿರುತ್ತೆ ಅಂತ ದೇವರಿಗೇ ಗೊತ್ತು. ಆಮೇಲೆ ರೇಸ್ ಹೆಸರು ಬೇಕು ಅಂದ್ರೂ ಟಿಆರ್6ಗೆ ಇದೆ, ನಟ ಪಾಲ್ ನ್ಯೂಮನ್ 1976ರಲ್ಲಿ ಎಸ್‌ಸಿಸಿಎ (ಅಮೆರಿಕದ ರೇಸ್ ಕ್ಲಬ್ಬು) ಡಿ-ಪ್ರೊಡಕ್ಷನ್ ಚಾಂಪಿಯನ್‌ಶಿಪ್ ಗೆದ್ದಿದ್ದು ಟಿಆರ್6ರಲ್ಲೇ.

ಹುಬ್ಬಳ್ಳಿ ಗೇರು

ರೇಸಿನ ಮಾತು ಬಂತಂದ್ರ ಎಂಜಿಬಿನೂ ಕಮ್ಮಿ ಇಲ್ರಿ. 1963, 64, 65 ಮೂರೂ ವರ್ಷ ಲೆ ಮಾನ್ಸ್ 24 ತಾಸಿನ ರೇಸ್ ಪೂರ್ತಿ ಮುಗಿಸೇತಿ. 1964ರ ಮಾಂಟೆ ಕಾರ್ಲೊ ರ‍್ಯಾಲಿಯೊಳಗ ಜಿಟಿ ವಿಭಾಗ ಗೆದ್ದೇತಿ. 95 ಹಾರ್ಸ್‌ಪವರ್ ಇಟ್ಕೊಂಡು ಇಷ್ಟ್ ಮಾಡೂದು ಸಣ್ಣ ಮಾತಲ್ಲ.

ಪಡುಬಿದ್ರೆ ಭಟ್ರು

ಮಾರಾಯ್ರೆ, ರೇಸ್ ಗೆದ್ದದ್ದು ಆ ಗಾಡಿಗಳು, ಕಿಟ್ಟಿಯವರು ತಗೊಳ್ಳುವ ಗಾಡಿ ಅಲ್ಲ. ನಾನು ಕಡಲ ಬದಿಯವ, ಇಲ್ಲಿಯ ಉಪ್ಪು ಗಾಳಿಗೆ ಹೊಸ ಗಾಡಿಯೇ ತಿಂದು ಹೋಗ್ತದೆ, ಹಾಗಾಗಿ ನನಗೆ ತುಕ್ಕು ಒಂದೇ ಚಿಂತೆ. ಎರಡರಲ್ಲಿ ತುಕ್ಕು ಎಲ್ಲಿ ಹಿಡೀತದೆ ಅಂತ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಗ್ರೀಸ್ ಕೈ

ಸರಿಯಾದ ಪ್ರಶ್ನೆ ಭಟ್ರೇ. ಸ್ವಲ್ಪ ಉದ್ದ ಆಗುತ್ತೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಓಪನ್ ಗಾಡಿ, ಮೇಲೆ ರೂಫ್ ಇಲ್ಲ, ಹಂಗಾಗಿ ಇಡೀ ಗಾಡಿ ಬಲ ನಿಂತಿರೋದು ಬಾಗಿಲ ಕೆಳಗಿನ ಸಿಲ್ ಮೇಲೆ. ಆ ಸಿಲ್ ಒಂದು ತಗಡಲ್ಲ, ಒಳಗಡೆದೊಂದು, ಹೊರಗಡೆದೊಂದು, ಮಧ್ಯದಲ್ಲೊಂದು ನೆಟ್ಟಗಿರೋ ತಗಡು, ಕೆಳಗೆ ಕ್ಯಾಸಲ್ ಸೆಕ್ಷನ್ ಅಂತ ಕೋಟೆ ತೆನೆ ಥರ ಮಡಚಿರೋದೊಂದು, ಎಲ್ಲಾ ಸೇರಿ ಪೆಟ್ಟಿಗೆ. ಹೊರಗಡೆದು ಹೊಸದು ಹಾಕಿ ಪೇಂಟ್ ಹೊಡೆದ್ರೆ ಒಳಗೆ ಕೊಳೆತಿದ್ರೂ ಕಾಣಲ್ಲ. ನೋಡೋದು ಹೆಂಗೆ ಅಂದ್ರೆ ಮೊದಲು ಬಾಗಿಲು ಹಾಕಿ ಹಿಂದಿನ ಅಂಚಲ್ಲಿ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದ್ಯಾ ನೋಡಿ. ಆಮೇಲೆ ಸಿಲ್ ಕೆಳಗಿನ ಜಾಕಿಂಗ್ ಪಾಯಿಂಟಿಗೆ ಜಾಕ್ ಕೊಟ್ಟು ಎತ್ತಿ, ಅದೇ ಬಾಗಿಲನ್ನ ತೆಗೆದು ಹಾಕಿ ನೋಡಿ. ಸಿಕ್ಕಾಕ್ಕೊಂಡ್ರೆ, ಸಂದು ಮುಚ್ಕೊಂಡ್ರೆ, ಗಾಡಿ ನಡುವಲ್ಲಿ ಬಾಗ್ತಿದೆ ಅಂತ ಅರ್ಥ, ನಮಸ್ಕಾರ ಹೇಳಿ ಹೊರಟ್ಬಿಡಿ. ಹೆರಿಟೇಜ್ ಶೆಲ್ ಹಾಕಿರೋ ಗಾಡಿಲಿ ಈ ತಲೆನೋವು ಕಮ್ಮಿ, ಆ ಶೆಲ್ ಜೋಡಿಸಿದೋರು ಒಳಗೆ ಮೇಣ ಹೊಡೆದಿದ್ರೆ ಮಾತ್ರ.

ಟಿಆರ್6 ಬೇರೆ ಥರ. ಕೆಳಗೆ ಚಾಸಿ ಪ್ರತ್ಯೇಕ, ಮೇಲೆ ಬಾಡಿ ಬೋಲ್ಟ್ ಹಾಕಿ ಕೂರ್ಸಿರೋದು. ಮುಂದೆ ಇಂಜಿನ್ ಎಣ್ಣೆ ಸೋರಿ ಸೋರಿ ಚಾಸಿ ಮುಂಭಾಗ ಉಳ್ಕೊಂಡಿರುತ್ತೆ, ಇದು ಟ್ರಯಂಫ್‌ನವ್ರು ಪುಕ್ಕಟೆ ಕೊಟ್ಟ ತುಕ್ಕು ನಿರೋಧಕ! ಕೊಳೆಯೋದು ಹಿಂದೆ. ಹಿಂದಿನ ಟ್ರೈಲಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಕೂತಿರೋ ಜಾಗದಲ್ಲಿ ಚಾಸಿ ಎರಡೂ ಕಡೆ ಕೂಡೋ ತಟ್ಟೆ ಇದೆ, ಟೀ-ಶರ್ಟ್ ಅಂತಾರೆ ಅದರ ಆಕಾರಕ್ಕೆ, ಅಲ್ಲಿ ನೀರು ಮಣ್ಣು ಕೂತು ಒಳಗಿಂದ ತಿನ್ನುತ್ತೆ. ಸ್ಕ್ರೂಡ್ರೈವರ್ ಹಿಡಿ ಕಡೆಯಿಂದ ತಟ್ಟಿ, ಠಣ್ ಅನ್ಬೇಕು, ದಬ್ ಅಂದ್ರೆ ಒಳಗೆ ಏನೂ ಇಲ್ಲ. ಎರಡನೇದು ಡಿಫರೆನ್ಷಿಯಲ್ ಕೂತಿರೋ ಬ್ರಿಡ್ಜ್, ಅದರ ಪಿನ್ನುಗಳು ಇಂಜಿನ್ ಟಾರ್ಕಿಗೆ ಬೇರು ಸಮೇತ ಕಿತ್ಕೊಂಡು ಬರ್ತಾವೆ. ಕ್ಲಚ್ ಬಿಟ್ಟಾಗ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ಹಿಂದುಗಡೆ "ಟಕ್" ಅಂತ ಸದ್ದು ಬಂದ್ರೆ ಮೊದಲು ಅಲ್ಲಿ ನೋಡಿ.

ಮೂರನೇದು ತುಕ್ಕಲ್ಲ ಆದ್ರೂ ಹೇಳ್ಬಿಡ್ತೀನಿ. ಈ ಟ್ರಯಂಫ್ ಸಿಕ್ಸ್ ಇಂಜಿನ್ನಲ್ಲಿ ಕ್ರ್ಯಾಂಕ್ ಥ್ರಸ್ಟ್ ವಾಷರ್ ಅಂತ ಅರ್ಧ ಚಂದ್ರದ ತೆಳು ವಾಷರ್ ಇದಾವೆ, ಅದು ಸವೆದು ಕೆಳಗೆ ಎಣ್ಣೆ ತುಂಬಿರೋ ಸಂಪ್‌ಗೆ ಬಿದ್ದೋಗುತ್ತೆ, ಆಮೇಲೆ ಕ್ರ್ಯಾಂಕ್ ಹಿಂದೆ ಮುಂದೆ ಆಡಿ ಬ್ಲಾಕನ್ನೇ ಕೆರೆದು ಹಾಕುತ್ತೆ. ಇಂಜಿನ್ ಆಫ್ ಇರೋವಾಗ ಒಬ್ರನ್ನ ಒಳಗೆ ಕೂರ್ಸಿ ಕ್ಲಚ್ ಒತ್ತಿ ಬಿಡಿ ಅನ್ನಿ, ನೀವು ಮುಂದೆ ಬಗ್ಗಿ ಕ್ರ್ಯಾಂಕ್ ಪುಲ್ಲಿನೇ ನೋಡ್ತಿರಿ. ಬರೀ ಕಣ್ಣಿಗೆ ಪುಲ್ಲಿ ಸರಿಯೋದು ಕಂಡ್ರೆ ಕಥೆ ಮುಗೀತು ಅಂತ, ಇರಬೇಕಾದ ಆಟ ಒಂದು ಮಿಲಿಮೀಟರ್‌ನ ಐದನೇ ಒಂದು ಭಾಗನೂ ದಾಟಬಾರ್ದು.

ಹುಬ್ಬಳ್ಳಿ ಗೇರು

ಇಷ್ಟೆಲ್ಲಾ ಓದಿದ ಮ್ಯಾಲೂ ಟಿಆರ್6 ತಗೋ ಅಂತೀರಲ್ಲ ನೀವು 😄

ಗ್ರೀಸ್ ಕೈ

ತಗೋ ಅಂದಿಲ್ಲ, ನೋಡಿ ತಗೋ ಅಂದೆ. ಎಂಜಿಬಿಲೂ ಕಾಟ ಇಲ್ಲ ಅಂತಲ್ಲ. ಕ್ಲಚ್ ಪ್ಲೇಟ್ ಬದಲಾಯಿಸೋಕೆ ಇಂಜಿನ್ನೇ ಹೊರಗೆ ತೆಗೀಬೇಕು. ಟಿಆರ್6ರಲ್ಲಿ ಸೀಟು, ಕಾರ್ಪೆಟ್ಟು, ಮಧ್ಯದ ಟನಲ್ ಕವರ್ ಬಿಚ್ಚಿದ್ರೆ ಗೇರ್‌ಬಾಕ್ಸ್ ಒಳಗಿಂದ್ಲೇ ಎತ್ತಿ ತೆಗೀಬಹುದು, ಬೆನ್ನು ಹೋಗುತ್ತೆ ಅಷ್ಟೇ.

ಸ್ಯಾನ್‌ಹೋಸೆ ಸೀನ

ಓಡ್ಸೋ ಖುಷಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಎಂಜಿಬಿ ಸಭ್ಯ ಗಾಡಿ, ಗಂಟೆಗೆ 60 ಮೈಲಿ ಮುಟ್ಟೋಕೆ 11-12 ಸೆಕೆಂಡು, ಹಿಂದೆ ಲೀಫ್ ಸ್ಪ್ರಿಂಗ್, ತಿರುವಲ್ಲಿ ಏನ್ ಮಾಡುತ್ತೆ ಅಂತ ಮೊದಲೇ ಹೇಳಿ ಮಾಡುತ್ತೆ. 150 ಹಾರ್ಸ್‌ಪವರ್ ಟಿಆರ್6 ಅದೇ ಸ್ಪೀಡ್ 8 ಸೆಕೆಂಡ್ ಚಿಲ್ರೆಲಿ ಮುಟ್ಟುತ್ತೆ, ಹಿಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಜೋರಾಗಿ ಆಕ್ಸಿಲರೇಟರ್ ಕೊಟ್ರೆ ಹಿಂಭಾಗ ಕುಕ್ಕುರುಗಾಲಲ್ಲಿ ಕೂತಂಗೆ ಕೂತು ಮೂತಿ ಮೇಲೆತ್ತುತ್ತೆ, ಆ ಆರು ಸಿಲಿಂಡರ್ ಸದ್ದಿಗೆ ಯಾವ ಸ್ಟೀರಿಯೋನೂ ಬೇಡ. ನಂದು ಕಾರ್ಬೊರೇಟರ್ ಗಾಡಿಯಾದ್ರೂ ಆ ಸದ್ದಿಗೇ ಇಟ್ಕೊಂಡಿರೋದು.

ಕವೆಂಟ್ರಿ ಕಿಟ್ಟಿ

ಅಪ್‌ಡೇಟ್: ಎಂಜಿಬಿಯವ್ರಿಗೆ ಫೋನ್ ಮಾಡ್ದೆ. ಗ್ರೀಸ್ ಕೈ ಸಾರ್ ಕಣ್ಣು ಕಣ್ಣಲ್ಲ. ಲಾಗ್‌ಬುಕ್ (ಇಲ್ಲಿನ ಆರ್‌ಸಿ) ಪ್ರಕಾರ ಗಾಡಿ 1977ರದ್ದು, ಹುಟ್ಟಿದ್ದು ಕಪ್ಪು ರಬ್ಬರ್ ಬಂಪರ್ ಇಟ್ಕೊಂಡು, ಶೆಲ್ ಬದಲಾಯಿಸೋವಾಗ ಕ್ರೋಮ್ ಬಂಪರ್ ಹಾಕಿ ಸಸ್ಪೆನ್ಷನ್ ತಗ್ಗಿಸಿದಾರೆ. ಮಾರೋವ್ರು ಮುಚ್ಚಿಡ್ಲಿಲ್ಲ, ಕೇಳಿದ್ದಕ್ಕೆ ನೇರವಾಗೇ ಹೇಳಿದ್ರು, ಜಾಹೀರಾತಲ್ಲಿ ಮಾತ್ರ ಹಾಕಿಲ್ಲ.

ಗ್ರೀಸ್ ಕೈ

ಹಂಗೆ ಮಾಡೋದು ತಪ್ಪೇನಲ್ಲ. 1974ರ ಕೊನೇಲಿ ಅಮೆರಿಕದ ಕಾನೂನಿಗೆ ಅಂತ ದಪ್ಪ ರಬ್ಬರ್ ಬಂಪರ್ ಹಾಕಿ ಗಾಡಿನ ಒಂದು ಇಂಚಿಗಿಂತ ಜಾಸ್ತಿ ಮೇಲೆತ್ತಿದ್ರು, ತಿರುವಲ್ಲಿ ದೋಣಿ ಥರ ವಾಲೋದು, ಆಗಿಂದ್ಲೂ ಜನ ಅದನ್ನ ಹಿಂದಕ್ಕೆ ಬದಲಾಯಿಸ್ತಾನೇ ಇದಾರೆ. ಓಡಿಸೋಕೆ ಒಳ್ಳೇ ಗಾಡಿ. ಆದ್ರೆ ಕಲೆಕ್ಷನ್ ಅಂದ್ರೆ ಬೇರೆ ಲೆಕ್ಕ, ಶೆಲ್ ಹೊಸದು, ಬಂಪರ್ ಬೇರೆ, ಎತ್ತರ ಬೇರೆ, ಇಂಜಿನ್ ನಂಬರ್ರೂ ಒಂದ್ಸಲ ನೋಡಿ. ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಮ್ಮಲ್ಲಿ ಫ್ಯಾಕ್ಟರಿ ದಾಖಲೆ ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡ್ತಾರೆ, ನಿಮಗೆ ಪಕ್ಕದ ಊರೇ ಅಲ್ವಾ, ಯಾವ ಬಣ್ಣ, ಯಾವ ಇಂಜಿನ್ ನಂಬರ್, ಯಾವ ದೇಶಕ್ಕೆ ಅಂತ ಎಲ್ಲಾ ಇರುತ್ತೆ. ಟಿಆರ್6ಗೂ ಅಲ್ಲೇ ಸಿಗುತ್ತೆ, ತಪ್ಪದೇ ತಗೊಳ್ಳಿ.

ಎಂಜಿಲೇ ಅಪರೂಪದ್ದು ಬೇಕು ಅಂದ್ರೆ ಎಂಜಿಬಿ ಜಿಟಿ ವಿ8 ನೋಡಿ, 1973ರಿಂದ 76ರವರೆಗೆ ರೋವರ್ 3.5 ಲೀಟರ್ ಇಂಜಿನ್ ಹಾಕಿ ಫ್ಯಾಕ್ಟರಿ ಮಾಡಿದ್ದು 2,591 ಗಾಡಿ ಮಾತ್ರ. ಆದ್ರೆ ಅದಕ್ಕೆ ರೂಫ್ ಇದೆ, ನಿಮಗೆ ಗಾಳಿ ಬೇಕು.

ಪಡುಬಿದ್ರೆ ಭಟ್ರು

ಮೈಸೂರಿಗೆ ತರುವ ಮಾತು ಹೇಳಿದ್ರಲ್ಲ, ಅಲ್ಲಿ ಈ 1977 ಪೆಟ್ಟು ಕೊಡ್ತದೆ ನೋಡಿ. ಮೊದಲು 1950ಕ್ಕಿಂತ ಹಿಂದಿನ ಗಾಡಿ ಮಾತ್ರ ವಿಂಟೇಜ್ ಅಂತ ತರ್ಲಿಕ್ಕೆ ಬಿಡ್ತಿದ್ರು, 2025ರಲ್ಲಿ ಅದನ್ನು ಸಡಿಲ ಮಾಡಿ 50 ವರ್ಷ ತುಂಬಿದ ಯಾವ ಗಾಡಿಯಾದ್ರೂ ಆದೀತು ಅಂತ ಮಾಡಿದ್ರು. 1972ರ ಟಿಆರ್6 ಸಲೀಸಾಗಿ ಒಳಗೆ ಬಂತು. 1977ರ ಎಂಜಿಬಿಗೆ 50 ತುಂಬುವುದು 2027ಕ್ಕೆ, ಬಂಪರ್ ಕ್ರೋಮ್ ಹಾಕಿದ್ರೆ ವಯಸ್ಸು ಹೆಚ್ಚಾಗುದಿಲ್ಲ! ಡ್ಯೂಟಿ, ಟ್ಯಾಕ್ಸ್ ಎಲ್ಲ ಸೇರಿದ್ರೆ ಗಾಡಿ ಬೆಲೆಯನ್ನೇ ಮೀರ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ರಿಜಿಸ್ಟ್ರೇಶನ್ 2021ರ ರೂಲ್ ಪ್ರಕಾರ ನಂಬರ್ ಪ್ಲೇಟಲ್ಲಿ ವಿಎ ಅಂತ ಬರ್ತದೆ, 20 ಸಾವಿರ ಫೀ, 10 ವರ್ಷಕ್ಕೆ. ಆಮೇಲೆ ಅದರಲ್ಲಿ ದಿನಾ ಆಫೀಸಿಗೆ ಹೋಗ್ಲಿಕ್ಕೆ ಇಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕ್ಸುವುದು, ರಿಪೇರಿ, ಇಷ್ಟೇ.

ಹುಬ್ಬಳ್ಳಿ ಗೇರು

ಮತ್ತ ಪೆಟ್ರೋಲ್ ನೆನಪ ಇಟ್ಕೋರಿ. ಇಲ್ಲಿ ಬಂಕಿನ್ಯಾಗ ಈಗ ಸಿಗೂದು ಇ20, ಅಂದ್ರ 20% ಎಥನಾಲ್ ಕೂಡಿಸಿದ್ದು. ಹಳೇ ರಬ್ಬರ್ ಪೈಪು, ಸೀಲು, ಡಯಾಫ್ರಾಂ ಎಲ್ಲಾ ಉಬ್ಬಿ ಹೋಗ್ತಾವು. ಎಸ್‌ಯು ಕಾರ್ಬೊರೇಟರ್ ಆದ್ರ ಪೈಪು ಬದಲ್ ಮಾಡಿ ಸೂಜಿ ಬ್ಯಾರೆ ಹಾಕಿದ್ರ ನಡದ್ ಹೋಕ್ಕೈತಿ. ಇಂಜೆಕ್ಷನ್ನಿಗೆ ಏನ್ ಗತಿ ಗ್ರೀಸ್ ಕೈ ಅಣ್ಣಾ?

ಗ್ರೀಸ್ ಕೈ

ಈ ಲೂಕಾಸ್ ಇಂಜೆಕ್ಷನ್ ಬಗ್ಗೆ ಹೆದರಿಕೆ ಜಾಸ್ತಿ, ಅರ್ಥ ಮಾಡ್ಕೊಂಡೋರು ಕಮ್ಮಿ. ಅದರಲ್ಲಿ ಕಂಪ್ಯೂಟರ್ ಇಲ್ಲ, ಎಲ್ಲಾ ಮೆಕ್ಯಾನಿಕಲ್. ಡಿಕ್ಕಿಲಿರೋ ಪಂಪು ಪೆಟ್ರೋಲ್‌ನ ಸುಮಾರು 100 ಪಿಎಸ್‌ಐ ಒತ್ತಡಕ್ಕೆ ತಳ್ಳುತ್ತೆ, ಮುಂದೆ ಮೀಟರಿಂಗ್ ಯೂನಿಟ್ ಅಂತ ಒಂದು ಡಬ್ಬಿ ಇಂಜಿನ್ ಜೊತೆ ತಿರುಗ್ತಾ ಒಂದೊಂದು ಸಿಲಿಂಡರಿಗೆ ಸರದಿ ಪ್ರಕಾರ ಹಂಚುತ್ತೆ, ಎಷ್ಟು ಹಂಚ್ಬೇಕು ಅನ್ನೋದನ್ನ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ನೋಡಿ ತೀರ್ಮಾನ ಮಾಡುತ್ತೆ. ತೊಂದರೆ ಪಂಪಲ್ಲಿ. ಆ ಪಂಪಿನ ಮೋಟರ್ ಮೂಲತಃ ವೈಪರ್ ಮೋಟರ್ ವಂಶದ್ದು, ಬಿಸಿಲಲ್ಲಿ, ಟ್ಯಾಂಕಲ್ಲಿ ಪೆಟ್ರೋಲ್ ಕಮ್ಮಿ ಇದ್ದಾಗ, ಕಾದು ಕಾದು ಒತ್ತಡ ಬಿಟ್ಬಿಡುತ್ತೆ, ಗಾಡಿ ಜರ್ಕ್ ಹೊಡೆಯೋಕೆ ಶುರು. ಅದಕ್ಕೇ ಬಹಳ ಜನ ಬಾಷ್ ಪಂಪ್ ಹಾಕ್ತಾರೆ, ನಮ್ಮ ಬಿಸಿಲಿಗಂತೂ ಅದು ಇಲ್ದೇ ಆಗಲ್ಲ. ಹಳೇ ಪಂಪನ್ನ ಎಸೀಬೇಡಿ, ಬಟ್ಟೇಲಿ ಸುತ್ತಿ ಇಟ್ಕೊಳ್ಳಿ, ಮುಂದೆ ತಗೊಳ್ಳೋನು ಅದನ್ನೇ ಕೇಳ್ತಾನೆ. ಸೀಲುಗಳನ್ನ ಎಥನಾಲ್ ತಡೆಯೋ ವಿಟಾನ್ ರಬ್ಬರ್‌ಗೆ ಇಂಗ್ಲೆಂಡಲ್ಲೇ ಬದಲಾಯಿಸ್ಕೊಂಡು ಬನ್ನಿ. ಕಷ್ಟ ಇದೆ, ಇಲ್ಲ ಅನ್ನಲ್ಲ, ಆದ್ರೆ ಆ ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಕೂರ್ಸಿದ ದಿನ ನಿಮ್ಮ ಸಿಪಿ ಗಾಡಿಲಿ ಉಳಿಯೋದು ಅಕ್ಷರ ಮಾತ್ರ.

ಸ್ಯಾನ್‌ಹೋಸೆ ಸೀನ

ಇದಕ್ಕೆ ನನ್ನ ವಿರೋಧ ಇದೆ. ಓಡದೇ ನಿಂತಿರೋ ಅಸಲಿ ಗಾಡಿಗಿಂತ ಓಡೋ ಬೆರಕೆ ಗಾಡಿ ಮೇಲು. ಇಂಜೆಕ್ಷನ್ ಸರಿ ಮಾಡೋರು ಸಿಗ್ಲಿಲ್ಲ ಅಂತ ಕವರ್ ಹೊದಿಸಿ ಇಟ್ಟಿರೋ ಗಾಡಿ ಎಷ್ಟು ನೋಡಿದೀನಿ, ಟ್ಯಾಂಕ್ ಒಳಗೆಲ್ಲಾ ಕಿಟ್ಟ ಕಟ್ಟಿರುತ್ತೆ. ಹಳೇ ಸಾಮಾನೆಲ್ಲಾ ಡಬ್ಬಿಲಿ ಇಟ್ಕೊಂಡು ಕಾರ್ಬೊರೇಟರ್ ಹಾಕಿ ಓಡಿಸಿ, ಮಾರೋವಾಗ ವಾಪಸ್ ಹಾಕಿ.

ಗ್ರೀಸ್ ಕೈ

ವಾಪಸ್ ಹಾಕ್ದೋರನ್ನ ನಾನಂತೂ ನೋಡಿಲ್ಲ ಸೀನಪ್ಪ. ಡಬ್ಬಿ ಅಟ್ಟ ಸೇರುತ್ತೆ, ಅಟ್ಟದಿಂದ ಗುಜರಿ.

ಕವೆಂಟ್ರಿ ಕಿಟ್ಟಿ

ಶನಿವಾರ ಟಿಆರ್6 ನೋಡ್ಕೊಂಡು ಬಂದೆ, ಮಗನ್ನ ಕರ್ಕೊಂಡು ಹೋಗಿ ಕ್ಲಚ್ ಒತ್ತಿಸ್ದೆ. ಪುಲ್ಲಿ ಅಲ್ಲಾಡ್ಲಿಲ್ಲ, ಡಬ್ಬಿಲಿ ನೋಡಿದ್ರೆ ಥ್ರಸ್ಟ್ ವಾಷರ್ ಬದಲಾಯಿಸಿದ ಬಿಲ್ಲೂ ಇದೆ. ಟೀ-ಶರ್ಟ್ ಜಾಗದಲ್ಲಿ ತಟ್ಟಿದ್ರೆ ಬಲಗಡೆ ಠಣ್, ಎಡಗಡೆ ದಬ್. ಅಲ್ಲಿ ಹಳೇ ಪ್ಯಾಚ್ ಮೇಲೆ ಕಪ್ಪು ಅಂಡರ್‌ಸೀಲ್ ದಪ್ಪಗೆ ಮೆತ್ತಿದಾರೆ. ಓಡಿಸಿದಾಗ ಎರಡನೇ ಗೇರಲ್ಲಿ ಬಿಟ್ಟು ಒತ್ತಿದ್ರೆ ಹಿಂದೆ ಟಕ್ ಅಂತು. ಸದ್ದು ಕೇಳಿ ಬೇಜಾರಾಯ್ತು, ಇಂಜಿನ್ ಸದ್ದು ಕೇಳಿ ಮತ್ತೆ ಖುಷಿ ಆಯ್ತು, ಸೀನ ಅವ್ರು ಹೇಳಿದ್ದು ಸುಳ್ಳಲ್ಲ. ಇಂಜೆಕ್ಷನ್ ಪೂರ್ತಿ ಇದೆ, ಪಂಪ್ ಬಾಷ್ ಹಾಕಿದಾರೆ, ಹಳೇದು ಇಟ್ಟಿದಾರೆ.

ಗ್ರೀಸ್ ಕೈ

ಹಂಗಾದ್ರೆ ಇದು ಬೇಡ ಅನ್ನೋ ಗಾಡಿ ಅಲ್ಲ, ಬೆಲೆ ಇಳಿಸೋ ಗಾಡಿ. ಎಡಗಡೆ ಟ್ರೈಲಿಂಗ್ ಆರ್ಮ್ ಭಾಗ ಕತ್ತರಿಸಿ ಹೊಸದು ವೆಲ್ಡ್ ಮಾಡ್ಬೇಕು, ಡಿಫ್ ಮೌಂಟಿಗೆ ಪ್ಲೇಟ್ ಕೊಟ್ಟು ಗಟ್ಟಿ ಮಾಡ್ಬೇಕು. ಸರಿಯಾಗಿ ಮಾಡೋದಾದ್ರೆ ಬಾಡಿ ಎತ್ತಿನೇ ಮಾಡ್ಬೇಕು, ಎತ್ತೋಕೆ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಪಟ್ಟಿ ವೆಲ್ಡ್ ಮಾಡಿಸಿ, ಇಲ್ಲಾಂದ್ರೆ ವಾಪಸ್ ಇಳಿಸೋವಾಗ ಬಾಗಿಲು ಕೂರಲ್ಲ. ಇಂಗ್ಲೆಂಡಲ್ಲಿ ಟಿಆರ್ ಕೆಲಸ ಮಾತ್ರ ಮಾಡೋರು ಇದಾರೆ, ಅಂಥವ್ರ ಹತ್ರ ಲಿಖಿತ ಎಸ್ಟಿಮೇಟ್ ತಗೊಂಡು, ಅದನ್ನ ಮಾರೋವ್ರ ಮುಂದಿಟ್ಟು, ಅಷ್ಟೂ ಕಡಿಮೆ ಮಾಡಿ ಕೇಳಿ. ಪೇಂಟು, ಸೀಟಿಗೆ ಈಗ ಕೈ ಹಾಕ್ಬೇಡಿ.

ಪಡುಬಿದ್ರೆ ಭಟ್ರು

ಇನ್ಶೂರೆನ್ಸ್ ಮಾಡಿಸುವಾಗ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಕೇಳಿ ಕಿಟ್ಟಿಯವರೇ. ಫೋಟೋ, ಬಿಲ್ಲು, ಗೇಡನ್ ಸರ್ಟಿಫಿಕೇಟ್ ಎಲ್ಲ ಕೊಟ್ಟು ಬೆಲೆ ಮೊದಲೇ ಬರೆಸಿಕೊಳ್ಳಬೇಕು, ಇಲ್ಲದಿದ್ರೆ ನಾಳೆ ಯಾರಾದ್ರೂ ಗುದ್ದಿದ್ರೆ ಹಳೇ ಕಾರಿನ ರೇಟು ಕೊಟ್ಟು ಕೈ ತೊಳ್ಕೊಳ್ತಾರೆ.

ಹುಬ್ಬಳ್ಳಿ ಗೇರು

ನಾ ಇನ್ನೂ ಎಂಜಿಬಿ ಪಾರ್ಟಿನ. 1977 ಆದ್ರ ಏನಾತು, ಬೀಳೂ ಬೆಲಿ ಅಲ್ಲದು, ಕೀಲಿ ತಿರುವಿದ್ರ ಹೊಂಟ ಬಿಡ್ತೈತಿ. ಬಾಡಿ ಎತ್ತಿ ಚಾಸಿ ಕೊಯ್ಯೂದ್ರಾಗ ಎರಡು ಬ್ಯಾಸಿಗಿ ಹೋಗ್ತಾವು ನೋಡ್ರಿ.

ಕವೆಂಟ್ರಿ ಕಿಟ್ಟಿ

ಅದೂ ಸರಿನೇ 😀 ಆದ್ರೆ ಮನಸ್ಸು ಟಿಆರ್6 ಕಡೆನೇ ಎಳೀತಿದೆ. ಎಸ್ಟಿಮೇಟ್ ತಗೊಂಡು ಕಡಿಮೆಗೆ ಕೇಳ್ದೆ, ಆ ಯಜಮಾನ್ರು ಮುಖ ಸಣ್ಣ ಮಾಡ್ಕೊಂಡು ಒಂದು ವಾರ ಟೈಮ್ ಕೊಡಿ ಅಂದಿದಾರೆ. ಗೇಡನ್‌ಗೆ ಸರ್ಟಿಫಿಕೇಟ್ ಅರ್ಜಿ ಹಾಕಿದೀನಿ. ಮತ್ತೊಂದ್ಸಲ ಹೋದಾಗ ಇನ್ನೇನಾದ್ರೂ ನೋಡ್ಬೇಕಾ?

ಗ್ರೀಸ್ ಕೈ

ಟ್ಯಾಂಕಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಮ್ಮಿ ಇರೋವಾಗ ಅರ್ಧ ಗಂಟೆ ಓಡಿಸಿ, ಉದ್ದದ ಎಡ ತಿರುವು ಬಲ ತಿರುವು ಎರಡೂ ಇರೋ ರೋಡ್ ನೋಡ್ಕೊಳ್ಳಿ, ಪಂಪ್ ಗಾಳಿ ಎಳೆದ್ರೆ ಆಗ್ಲೇ ಗೊತ್ತಾಗೋದು. ಓವರ್‌ಡ್ರೈವ್ ಬಿಸಿ ಆದ್ಮೇಲೂ ಹಿಡಿಯುತ್ತಾ ನೋಡಿ. ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ. ಮತ್ತೆ ಕಮಿಷನ್ ಪ್ಲೇಟ್ ರಿವೆಟ್ಟಿನ ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ಪ್ಲೇಟ್ ಬಿಚ್ಚಿ ಹಾಕಿದಾರಾ ಅಂತ ಹೇಳ್ತೀನಿ.